ಸ್ಕ್ರೂ ತಿರುಗಿಸಿದವರು ಯಾರು?

ನಾಸಿಕದ ಅಂಬಡ್‌ನಲ್ಲಿ ಆಟೊ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದೆ. ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾರದೆ ಶೂಟಿಂಗ್ ಕ್ಲಬ್ಬುಗಳ ಏರ್ ರೈಫಲ್ ರಿಪೇರಿ ಹಿಡಿದೆ. ಮೂರು ವರ್ಷದ ಹಿಂದೆ ಬಂದ ಒಂದು ರೈಫಲ್ ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅದು ಇಪ್ಪತ್ತು ವರ್ಷದ ಶ್ರಾವಣಿಯ ರೈಫಲ್. ಅವಳ ಅಪ್ಪ ಶೆಟ್ಟರು ಕುಂದಾಪುರ ಕಡೆಯವರು, ಛತ್ರಪತಿ ಸಂಭಾಜಿನಗರದಲ್ಲಿ ಹೋಟೆಲ್ ನಡೆಸುತ್ತಾರೆ. ನಾನು ಗದಗಿನವ. ಕನ್ನಡದ ಮೆಕ್ಯಾನಿಕ್ ಇದ್ದಾನೆಂದು ಕೇಳಿ ಜನವರಿಯಲ್ಲಿ ಅಪ್ಪ, ಮಗಳು ನಾಲ್ಕು ತಾಸಿನ ದಾರಿ ಬಂದಿದ್ದರು. ಮಾರ್ಚ್‌ನಲ್ಲಿ ರಾಜ್ಯ ತಂಡದ ಆಯ್ಕೆ ಇತ್ತು. ಜೂನಿಯರ್ ತಂಡಕ್ಕೆ ಅವಳಿಗೆ ಅದೇ ಕೊನೆಯ ಅವಕಾಶ.

ಇಂಥ ರೈಫಲ್ಲಿನ ಟ್ರಿಗರ್ ಮೊದಲು ಸಡಿಲವಾಗಿ ಹಿಂದೆ ಬರುತ್ತದೆ, ಆಮೇಲೆ ಬೆರಳಿಗೊಂದು ತಡೆ ಸಿಗುತ್ತದೆ. ಶೂಟರ್ ಅಲ್ಲಿ ಬೆರಳು ನಿಲ್ಲಿಸಿ, ಗುರಿ ಕೂಡಿಸಿಕೊಂಡು, ಇನ್ನಿಷ್ಟೇ ಒತ್ತಿದರೆ ಸೀಸದ ಸಣ್ಣ ಗುಂಡು ಹಾರುತ್ತದೆ. ಎಷ್ಟು ಒತ್ತಬೇಕೆಂಬುದನ್ನು ಗ್ರಾಂನಲ್ಲಿ ಅಳೆಯುತ್ತೇವೆ. ಶ್ರಾವಣಿಯ ಬೆರಳಿಗೆ ಒಪ್ಪುವ ತನಕ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸಿ ನೂರಹತ್ತು ಗ್ರಾಂಗೆ ಕೂಡಿಸಿದೆ. ಕೊನೆಗೆ ಟ್ರಿಗರ್ ಎಳೆಯುವ ತನಕ ಗುಂಡನ್ನು ತಡೆದಿಡುವ ಒಳಗಿನ ಕೊಂಡಿಗೆ ಒಂದು ಹನಿ ಮಷಿನ್ ಎಣ್ಣೆ. ಟೂಲ್ ರೂಮಿನವನಿಗೆ ಎಣ್ಣೆ ಬಿಡದೆ ಕೆಲಸ ಮುಗಿಯಿತು ಅನ್ನಿಸುವುದೇ ಇಲ್ಲ.

ಮೂರು ವಾರಕ್ಕೆ ಇಬ್ಬರೂ ಮತ್ತೆ ಬಾಗಿಲಲ್ಲಿ. ತಡೆ ಸಿಗುವ ಮೊದಲೇ ಗುಂಡು ಹಾರುತ್ತಿದೆ ಎಂದರು. ಅಳೆದರೆ ಎಪ್ಪತ್ತು ಗ್ರಾಂ! ನನಗೆ ತಲೆ ಕೆಟ್ಟಿತು. ಹೋಟೆಲಿನ ಮಿಕ್ಸರ್, ಗ್ರೈಂಡರ್ ಎಲ್ಲ ತಾವೇ ಬಿಚ್ಚಿ ರಿಪೇರಿ ಮಾಡುತ್ತೇನೆಂದು ಶೆಟ್ಟರು ಹಿಂದಿನ ಸಲ ಹೇಳಿಕೊಂಡಿದ್ದರು. ಇನ್ನೇನು ಸಾಕ್ಷಿ ಬೇಕು?

"ಶೆಟ್ಟರ, ನಾ ಕೂಡಿಸಿದ್ದನ್ನ ಬಿಚ್ಚಾಕ ಯಾರು ಹೇಳಿದ್ರಿ ನಿಮಗ? ಇದೇನು ಚಟ್ನಿ ಮಿಕ್ಸರ್ ಏನ್ರಿ?"

"ದೇವರಾಣೆ ಮುಟ್ಟಲಿಲ್ಲ ಮಾರಾಯ್ರೆ."

"ಸುಳ್ಳು ಹೇಳಬ್ಯಾಡ್ರಿ. ಸ್ಕ್ರೂ ತಾನಾಗೇ ತಿರಗತೈತೇನು?"

ಶ್ರಾವಣಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಆಡಲಷ್ಟೇ ಕಷ್ಟ. ಅಪ್ಪನ ಕಡೆ ತಿರುಗಿ "ಪಪ್ಪಾ, ಖರಂ ಸಾಂಗಾ" ಎಂದಳು, ನಿಜ ಹೇಳಿ ಎಂದು. ಶೆಟ್ಟರು ಮಗಳ ಮುಖ ನೋಡಿ ತಲೆ ತಗ್ಗಿಸಿದರು. ಸಿಕ್ಕಿಬಿದ್ದರು ಎಂದೇ ನಾನು ತಿಳಿದೆ. ಮತ್ತೆ ನೂರಹತ್ತಕ್ಕೆ ಕೂಡಿಸಿ, ಮತ್ತೆ ಎಣ್ಣೆ ಬಿಟ್ಟು, ಹೆಂಡತಿಯ ಕೆಂಪು ನೇಲ್ ಪಾಲಿಶ್‌ನಿಂದ ಪ್ರತಿ ಸ್ಕ್ರೂ ತಲೆಗೂ ಅದರ ಪಕ್ಕದ ಲೋಹಕ್ಕೂ ಸೇರಿಸಿ ಒಂದೊಂದು ಗೆರೆ ಎಳೆದೆ. ಯಾರಾದರೂ ಕೂದಲೆಳೆಯಷ್ಟು ತಿರುಗಿಸಿದರೂ ಗೆರೆ ಒಡೆಯುತ್ತದೆ. "ಈಗ ಮುಟ್ಟಿ ನೋಡ್ರಿ" ಎಂದು ಶೆಟ್ಟರಿಗೆ ಬೇರೆ ಹೇಳಿದೆ.

ಆಯ್ಕೆಯ ದಿನ ಅರವತ್ತು ಗುಂಡುಗಳಲ್ಲಿ ನಲವತ್ತೆರಡನೆಯದು ಅವಳು ಗುರಿ ಕೂಡಿಸುವ ಮೊದಲೇ ಹಾರಿತು. ಪ್ರತಿ ಗುಂಡಿಗೂ ಹತ್ತರ ಮೇಲೆ ಪಾಯಿಂಟ್ ಬರುತ್ತಿದ್ದವಳಿಗೆ ಸಿಕ್ಕಿದ್ದು ಐದೂವರೆ. ಎರಡು ಪಾಯಿಂಟಿನಲ್ಲಿ ತಂಡ ತಪ್ಪಿತು.

ರೈಫಲ್ಲನ್ನು ಕ್ಲಬ್ಬಿನವರೊಬ್ಬರ ಕೈಯಲ್ಲಿ ಕಳಿಸಿಕೊಟ್ಟರು, ಅಪ್ಪ, ಮಗಳು ಬರಲಿಲ್ಲ. ಶೆಟ್ಟರನ್ನು ಬೈದುಕೊಳ್ಳುತ್ತಲೇ ಭೂತಗನ್ನಡಿ ಹಿಡಿದೆ. ಒಂದು ಗೆರೆಯೂ ಒಡೆದಿರಲಿಲ್ಲ. ಟ್ರಿಗರ್ ಅಳೆದರೆ ಅರವತ್ತೆಂಟು ಗ್ರಾಂ.

ಟ್ರಿಗರ್ ಪೂರ್ತಿ ಬಿಚ್ಚಿದೆ. ಒಳಗೆ ಕರಿ ಅಂಟು. ನಾನು ಬಿಟ್ಟ ಎಣ್ಣೆ ಧೂಳು ಹಿಡಿದು ಮೇಣದ ಹಾಗಾಗಿತ್ತು. ಕೊಂಡಿ ಪೂರ್ತಿ ಸ್ವಸ್ಥಾನಕ್ಕೆ ಮರಳದೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಹಾಗಾಗಿ ಬೆರಳು ತಾಗಿದರೆ ಸಾಕು ಬಿಟ್ಟುಕೊಳ್ಳುತ್ತಿತ್ತು. ಈ ಭಾಗ ಒಣಗಿರಬೇಕು, ಎಣ್ಣೆ ಬೇಡ ಎಂದು ರೈಫಲ್ಲಿನ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮೂವತ್ತೊಂದು ವರ್ಷದ ಫಿಟ್ಟರ್‌ಗೆ ಪುಸ್ತಕ ಯಾಕೆ ಎಂದು ನಾನು ತೆರೆದೇ ಇರಲಿಲ್ಲ. ನನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿತ್ತು, ನಾನು ಶೆಟ್ಟರ ಎಲೆಯಲ್ಲಿ ನೊಣ ಹುಡುಕುತ್ತಿದ್ದೆ.

ಮರುದಿನ ರೈಫಲ್ ತೆಗೆದುಕೊಂಡು ಸಂಭಾಜಿನಗರದ ಬಸ್ಸು ಹತ್ತಿದೆ. ಶೆಟ್ಟರು ಗಲ್ಲಾದಲ್ಲಿದ್ದರು, ಶ್ರಾವಣಿ ಅಲ್ಲೇ ಮೂಲೆಯ ಟೇಬಲ್ಲಿನಲ್ಲಿ ಓದುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೇ ಹೇಳಿ, ಶ್ರಾವಣಿಗೆ "ತಪ್ಪು ನಂದೈತಿ, ಸಾರಿ ನೋಡವಾ" ಎಂದೆ.

"ಬಿಡಿ ಮಾರಾಯ್ರೆ, ಮೊದಲು ಕಾಫಿ ಕುಡೀರಿ" ಎಂದರು ಶೆಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಶ್ರಾವಣಿ ಪುಸ್ತಕ ಮುಚ್ಚಿದಳು. ಅವಳು ನನ್ನೊಂದಿಗೆ ಕನ್ನಡ ಆಡಿದ್ದು ಅದೇ ಮೊದಲು. "ಕಾಕಾ, ನನಗೆ ಸಾರಿ ಬೇಡ, ಪಪ್ಪಾಗೆ ಹೇಳಿ. ನೀವು ಹೇಳಿದ್ದು ಖರೆ ಅಂತ... ನಾನು ಪಪ್ಪಾ ಹತ್ರ ಒಂದು ತಿಂಗಳು ಮಾತಾಡಿಲ್ಲ."

ಶೆಟ್ಟರು ತಟ್ಟನೆ ಎದ್ದು ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಹೋಗಿ, ದೋಸೆ ಹಂಚಿನ ಮುಂದೆ, ಕೆಲಸದವರೆಲ್ಲರ ಎದುರಿಗೇ ಕ್ಷಮೆ ಕೇಳಿದೆ.

ಕೆಟ್ಟ ಯಂತ್ರ ಕೈಗೆ ಬಂದರೆ ಮೊದಲು ಬಿಚ್ಚಿ ನೋಡಬೇಕಾದ್ದು ನಾನೇ ಮಾಡಿದ ಕೆಲಸವನ್ನು. ಅದನ್ನು ನೋಡುವ ತನಕ ಬೇರೆಯವರ ಹೆಸರು ಬಾಯಿಗೆ ಬರಬಾರದು. ಆ ಟ್ರಿಗರ್ ಒರೆಸಿ ಒಣಗಿಸಲು ನನಗೆ ಅರ್ಧ ತಾಸು ಹಿಡಿಯಿತು. ಶೆಟ್ಟರು ಸುಳ್ಳುಗಾರರಲ್ಲ ಎಂದು ಅವರ ಮಗಳಿಗೆ ಹೇಳಲು ಒಂದು ತಿಂಗಳು ತಡ ಮಾಡಿದ್ದೆ.