ಟೈಲರಕ್ಕನ ಬ್ಯಾಟರಿ ಗಾಡಿ

ಟೈಲರಕ್ಕನ ಅಂಗೈ ತೆಂಗಿನ ಸಿಪ್ಪೆಯ ಹಾಗೆ ಒರಟು. ಸಣ್ಣವರಿದ್ದಾಗಲೇ ಪೋಲಿಯೊ ಎರಡೂ ಕಾಲು ಕಸಿದಿತ್ತು. ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲೇ ವರ್ಷಗಟ್ಟಲೆ ಕೋಟೇಶ್ವರದ ಪೇಟೆಗೆ ಬಂದು ಹೊಲಿದವರು. ಅವರ ಅಂಗಡಿಗೆ ತಾಗಿಯೇ ನನ್ನ ಮೊಬೈಲ್ ರಿಪೇರಿ ಅಂಗಡಿ.

ಭುಜ ಸೋತ ಮೇಲೆ ಲಿಥಿಯಂ ಬ್ಯಾಟರಿಯ ಗಾಡಿ ತೆಗೆದುಕೊಂಡರು. ಮರುವರ್ಷ ಅದು ಹೆದ್ದಾರಿ ಬದಿಯಲ್ಲಿ ನಿಂತುಬಿಟ್ಟಿತು. ಬ್ಯಾಟರಿ ಸತ್ತಿದೆ, ಆ ಮಾದರಿ ಈಗ ಬರುವುದೂ ಇಲ್ಲ ಎಂದರು ಮಾರಿದವರು. ಅಕ್ಕನ ಅಣ್ಣ ಗಾಡಿಯನ್ನು ಅಂಗಡಿವರೆಗೆ ದೂಡಿಕೊಂಡು ಬಂದ.

"ಇನ್ ಹೊಲುದೆಲ್ಲ ಮನಿಯಲ್ಲೇ ಆಯ್ಲಿ. ಎಲ್ಲಿಗಾರೂ ಹೋಯ್ಕಾರೆ ನಾನ್ ದೂಡ್ತೆ."

ಅಕ್ಕ ಕತ್ತರಿ ಕೆಳಗಿಡಲಿಲ್ಲ. "ದೂಡುದ್ ನೀನಾರೆ, ದಾರಿಯೂ ನಿಂದೇ ಆತ್."

ಅಣ್ಣ ಅತ್ತ ಹೋದ ಕೂಡಲೇ ನನ್ನನ್ನು ಕರೆದರು. "ಹ್ವಾಯ್, ಅದನ್ನ ಬಿಚ್ಚ್ ಕಾಂಬ."

"ಅಕ್ಕ, ಇದ್ ಫೋನಿನ್ ಬ್ಯಾಟ್ರಿ ಅಲ್ಲ. ತಪ್ರೆ ಬೆಂಕಿ ಹಿಡಿತ್."

"ಹಿಡದ್ರೆ ನಂದ್ಸುವ. ಹೊಯ್ಗಿ ತಂದಿಡ್."

ಮರಳು ತುಂಬಿದ ಬಾಲ್ದಿ ಪಕ್ಕದಲ್ಲಿಟ್ಟು ಅಂಗಳದಲ್ಲಿ ಬಿಚ್ಚಿದೆ. ಮೀಟರ್ ಹಿಡಿದಾಗ ತಿಳಿಯಿತು: ಒಂದು ಸಾಲಿನ ಸೆಲ್‌ಗಳ ವೋಲ್ಟೇಜ್ ಮಾತ್ರ ಉಳಿದವುಗಳಿಗಿಂತ ಕೆಳಗಿಳಿದಿತ್ತು. ಆ ಸಾಲು ಖಾಲಿಯಾದೊಡನೆ ಒಳಗಿನ ರಕ್ಷಣೆಯ ಸರ್ಕ್ಯೂಟ್ ಇಡೀ ಬ್ಯಾಟರಿಯನ್ನೇ ನಿಲ್ಲಿಸುತ್ತಿತ್ತು. ಅದೊಂದಕ್ಕೇ ನಿಧಾನವಾಗಿ ಚಾರ್ಜ್ ಕೊಟ್ಟು ಉಳಿದವುಗಳ ಸಮಕ್ಕೆ ತಂದೆ. ಬಿಸಿಯಾಗುತ್ತಿದೆಯೇ ಎಂದು ಅಕ್ಕ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಸಂಜೆ ಅಕ್ಕ ಅದೇ ಗಾಡಿಯಲ್ಲಿ ಒಬ್ಬರೇ ಕೋಡಿ ಬೀಚಿಗೆ ಹೋಗಿ, ಕಡಲು ನೋಡಿ ಬಂದು, ಅಣ್ಣನ ಎದುರೇ ಬ್ರೇಕ್ ಹಾಕಿದರು. "ಚಾ ಕುಡಿತ್ಯಾ?" ಎಂದು ಕೇಳಿದರು, ಅಷ್ಟೆ.

ಆಮೇಲೆ ಬಿಸಿಲಲ್ಲಿ ಬಂದ ಗಾಡಿಯನ್ನು ಅದು ತಣಿಯುವ ಮೊದಲು ಚಾರ್ಜಿಗೆ ಹಾಕಿದವರಲ್ಲ. ದಿನವೂ ಭರ್ತಿ ಮಾಡುತ್ತಿರಲಿಲ್ಲ, ತಳ ಕಾಣಲೂ ಬಿಡುತ್ತಿರಲಿಲ್ಲ. "ಹೊಟ್ಟಿ ಬಿರಿಯ ಉಂಬುಕಾಗ, ಉಪಾಸ ಬೀಳೂಕೂ ಆಗ" ಎನ್ನುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಮಾತ್ರ ಪೂರ್ತಿ ತುಂಬಿಸಿ, ಎಲ್ಲ ಸಾಲೂ ಒಂದೇ ಮಟ್ಟಕ್ಕೆ ಬರಲೆಂದು ಕಾಯುತ್ತಿದ್ದರು. ಸತ್ತಿದೆ ಎಂದ ಬ್ಯಾಟರಿ ಅವರನ್ನು ಕೊನೆಯವರೆಗೂ ಹೊತ್ತಿತು.

ಕ್ಯಾನ್ಸರ್ ಬಂದಾಗಲೂ ಅಂಗಡಿ ಮುಚ್ಚಲಿಲ್ಲ. ಮಲಗಿಕೊಳ್ಳಿ ಎಂದರೆ, "ಮಲ್ಕಂಬುಕೆ ಆಮೇಲ್ ಟೈಮ್ ಸಿಕ್ಕತ್" ಎಂದು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದರು. ಮಳೆಗಾಲದ ಕೊನೆಗೆ ಹೋದರು.

ಈಗ ನನ್ನಲ್ಲಿಗೆ ಫೋನಿಗಿಂತ ಗಾಡಿಯ ಬ್ಯಾಟರಿಗಳೇ ಹೆಚ್ಚು, ಬೈಂದೂರಿನಿಂದಲೂ ಬರುತ್ತವೆ. ನನ್ನ ಮನೆಯಲ್ಲಿ ಬೇಯುವ ಅನ್ನ ಆ ಹೆಂಗಸಿನ ಹಟದ್ದು.