ಡಿಕ್ಕಿ ಆತು

ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಅಫಜಲಪುರದಲ್ಲಿ ಸಣ್ಣದೊಂದು ಚಸ್ಮಾದ ಅಂಗಡಿ ಇಟ್ಟಿದ್ದೇನೆ. ಅಂಗಡಿಯಲ್ಲಿ ಕೂತರೆ ಹೊಟ್ಟೆ ತುಂಬದು ಅಂತ ಆಳಂದ, ಜೇವರ್ಗಿ, ಯಡ್ರಾಮಿ ಕಡೆಯ ಹಳ್ಳಿಗಳಿಗೂ ಮೋಟರ್‌ಸೈಕಲ್ ಮೇಲೆ ಹೋಗಿ ಬರುತ್ತೇನೆ. ಬೇವಿನ ಮರದ ಕೆಳಗೆ ಬಿಳಿ ಸೀರೆಯವಳು ನಿಂತಿದ್ದಳು ಎಂದು ಯಾರಾದರೂ ಶುರು ಮಾಡಿದರೆ, "ಮೊದಲ ಪೊರೆ ತೆಗಸ್ರಿ, ಆಮ್ಯಾಲ ದೆವ್ವ ನೋಡೂಣು" ಎಂದು ಕೂತವರನ್ನೆಲ್ಲ ನಗಿಸಿಬಿಡುತ್ತಿದ್ದೆ. ಇಂಥ ಸಂಗತಿಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಈಗ ಇದೆಯೇ ಎಂದು ಕೇಳಿದರೆ, ಅದೂ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದಿನ ಮಾತು. ಪರೀಕ್ಷೆಯ ಗಾಜುಗಳನ್ನು ಸಾಲಾಗಿ ಜೋಡಿಸಿದ ಕಟ್ಟಿಗೆಯ ಪೆಟ್ಟಿಗೆಯೊಂದು ನನ್ನಲ್ಲಿದೆ. ಅದನ್ನು ಚೀಲದಲ್ಲಿ ಹಾಕಿ, ಗಾಡಿಯ ಹಿಂದೆ ಸೈಕಲ್ ಟ್ಯೂಬಿನಿಂದ ಬಿಗಿದು ಒಯ್ಯುತ್ತಿದ್ದೆ. ಯಡ್ರಾಮಿ ರಸ್ತೆಯ ತಗ್ಗುಗಳಲ್ಲಿ ಕುಣಿದೂ ಕುಣಿದೂ ಗಾಜುಗಳ ಅಂಚು ಒಡೆಯತೊಡಗಿದವು. ಹಾಗಾಗಿ ಗಾಡಿಯ ಹಿಂದೆ ಕೂಡಿಸುವ, ಬೀಗ ಇರುವ ಗಟ್ಟಿ ಪೆಟ್ಟಿಗೆಯೊಂದನ್ನು ತಂದೆ. ಅದಕ್ಕೆ ನಮ್ಮ ಕಡೆ ಎಲ್ಲರೂ ಅನ್ನುವುದು ಡಿಕ್ಕಿ ಅಂತ. ಕಾರಿನ ಹಿಂದೆ ಇರುವುದೂ ಡಿಕ್ಕಿ, ಗಾಡಿಯ ಹಿಂದೆ ಇರುವುದೂ ಡಿಕ್ಕಿ.

ಆದರೆ ನಮ್ಮ ಮನೆಯಲ್ಲಿ ಆ ಶಬ್ದ ನಡೆಯುತ್ತಿರಲಿಲ್ಲ. ಚಿಕ್ಕಂದಿನಿಂದ ನನ್ನನ್ನು ಸಾಕಿದವಳು ಕಾಕಿ, ಅಂದರೆ ಚಿಕ್ಕಪ್ಪನ ಹೆಂಡತಿ. ಮಾತು, ಕತೆ, ಬೈಗುಳ ಎಲ್ಲ ಅವಳಿಂದಲೇ ಕಲಿತದ್ದು. ಕಾಕಾ ಸಂತೆಗೆ ಹೋದವರು ಲಾರಿಗೆ ಸಿಕ್ಕು ತೀರಿಕೊಂಡಾಗ, ಸುದ್ದಿ ತಂದವನು ಬಾಗಿಲಲ್ಲಿ ನಿಂತು ಮೊದಲು ಅಂದದ್ದು "ಡಿಕ್ಕಿ ಆಗ್ಯಾದ್ರಿ" ಎಂದು. ಅಂದಿನಿಂದ ಅವಳು ಆ ಶಬ್ದವನ್ನು ಬಾಯಿಗೆ ತಂದಿಲ್ಲ, ತರುವವರನ್ನೂ ಬಿಟ್ಟಿಲ್ಲ. ನಾನು ಡಿಕ್ಕಿ ತಂದೇನಿ ಅಂದಾಗ ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಪೆಟ್ಟಿಗಿ ಅನ್ನಾಕ ನಿನ್ನ ನಾಲಿಗಿ ಹೊರಳಂಗಿಲ್ಲೇನೋ? ಡಿಕ್ಕಿ ಬೆನ್ನಿಗೆ ಕಟಗೊಂಡು ಯಾರರ ಊರ ತಿರಗ್ತಾರೇನು, ಹುಚ್ಚಪ್ಯಾಲಿ!"

"ಆತು ಬಿಡ ಕಾಕಿ, ಪೆಟ್ಟಿಗಿ. ಪೆಟ್ಟಿಗಿನೇ ಅಂತೇನಿ" ಎಂದು ಮಾತು ಕೊಟ್ಟೆ. ಈ ಮಾತು ನೆನಪಿಡಿ.

ಆ ದಿನ ಬೆಳಿಗ್ಗೆ ಯಡ್ರಾಮಿಯ ಹತ್ತಿರದ ಹಳ್ಳಿಯೊಂದರಲ್ಲಿ ಕೆಲಸ ಮುಗಿಸಿ ಮಧ್ಯಾಹ್ನ ಜೇವರ್ಗಿಗೆ ಬಂದೆ. ಅಲ್ಲಿ ನನ್ನ ಗಾಡಿ ನೋಡುವ ಮೆಹಬೂಬ್ ಮಾಮಾನ ಗ್ಯಾರೇಜಿದೆ. ಕ್ಯಾರಿಯರ್ ಮೇಲೆ ಪೆಟ್ಟಿಗೆ ಇಟ್ಟು, ಅದರ ತಳದ ತೂತುಗಳಿಂದ ಬೋಲ್ಟ್ ಇಳಿಸಿ, ಒಳಗಿನಿಂದಲೇ ಬಿಗಿಯಬೇಕು. ಕೆಲಸ ಶುರುವಾಗುವ ಮೊದಲು ಏನೇನು ಹಿಡಿಯುತ್ತದೆ ನೋಡೋಣ ಅಂತ ನಾನು ಗಾಜಿನ ಪೆಟ್ಟಿಗೆ, ಮಳೆಕೋಟು, ಕಡೆಗೆ ನನ್ನ ಫೋನನ್ನೂ ಒಳಗಿಟ್ಟೆ. ಮಾಮಾ ಖುಷಿಯಿಂದ ಮುಚ್ಚಳ ಒತ್ತಿದ. ಟಕ್ ಎಂದು ಬೀಗ ಬಿತ್ತು. ಬೀಗದ ಎರಡೂ ಚಾವಿ ಒಂದೇ ರಿಂಗಿನಲ್ಲಿದ್ದವು, ಆ ರಿಂಗ್ ಎಲ್ಲೂ ಕಾಣಲಿಲ್ಲ.

"ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ. ಚಾವಿ ಎಲ್ಲಿ ಹೋಗ್ತಾವ, ಅವಕ್ಕೇನು ಕಾಲ ಅವ?" ಅಂದ ಮಾಮಾ.

ಕಾಲು ಇದ್ದವೋ ಏನೋ. ಹುಡುಕಿದ್ದೇ ಹುಡುಕಿದ್ದು. ಒಳಗಿನಿಂದ ಬಿಗಿಯಬೇಕಾದ ಪೆಟ್ಟಿಗೆಯೇ ಬೀಗ ಹಾಕಿಕೊಂಡು ನೆಲದ ಮೇಲೆ ಕೂತಿತ್ತು. ನಾನು ಚಹಾ ಕುಡಿದೆ, ಎದ್ದೆ, ರಸ್ತೆಗೆ ಹೋದೆ, ತಿರುಗಿ ಬಂದೆ. ಯಾಕೋ ಒಂದೆಡೆ ಕೂಡಲಾಗಲಿಲ್ಲ. ಅಂಥ ಅವಸರದ ಕೆಲಸವೇನೂ ಇರಲಿಲ್ಲ, ಆದರೂ ಎಲ್ಲಿಗೋ ಹೋಗಬೇಕಿತ್ತು, ಹೊತ್ತು ಮೀರುತ್ತಿದೆ ಅನ್ನುವ ಚಡಪಡಿಕೆ. ಒಮ್ಮೆ ಪೆಟ್ಟಿಗೆಯೊಳಗೆ ಸಣ್ಣ ಸದ್ದು ಕೇಳಿದಂತಾಯಿತು. ಫೋನ್ ಬಂದಿರಬೇಕೆಂದು ಬಗ್ಗಿ ಕಿವಿ ಹಚ್ಚಿದೆ. ಫೋನಿನ ಗಂಟೆಯಾಗಿರಲಿಲ್ಲ, ಮಾತಿನಂಥದ್ದೇನೋ ಒಂದು ಗುಣುಗುಣು, ತಟ್ಟನೆ ನಿಂತುಹೋಯಿತು.

"ಏನ್ರಿ, ಒಳಗ ಮರಿ ಹಾಕ್ಯಾದೇನು?" ಎಂದು ಮಾಮಾ ನಕ್ಕ. ನಾನೂ ನಕ್ಕೆ. ಗ್ಯಾರೇಜಿನ ಗದ್ದಲದಲ್ಲಿ ಕಿವಿಗೆ ಏನು ಬೇಕಾದರೂ ಕೇಳಿಸುತ್ತದೆ.

ಕಡೆಗೂ ಚಾವಿ ಸಿಕ್ಕವು. ನಟ್ಟುಗಳು ಚೆಲ್ಲಾಪಿಲ್ಲಿಯಾಗದಿರಲೆಂದು ಮಾಮಾ ಹಳೆಯ ಸ್ಪೀಕರಿನ ಆಯಸ್ಕಾಂತಕ್ಕೆ ಅವನ್ನು ಅಂಟಿಸಿಡುತ್ತಾನೆ. ಚಾವಿಯ ರಿಂಗ್ ಅದರ ಅಡಿಗೆ ಹೋಗಿ ಕಚ್ಚಿಕೊಂಡಿತ್ತು. ಪೆಟ್ಟಿಗೆ ತೆಗೆದು ಮೊದಲು ಫೋನ್ ನೋಡಿದೆ. ಯಾವ ಕರೆಯೂ ಬಂದಿರಲಿಲ್ಲ. ಮಾಮಾ ರಬ್ಬರ್ ವಾಷರ್ ಹಾಕಿ, ಬೋಲ್ಟ್ ಬಿಗಿದು, ಪೆಟ್ಟಿಗೆಯ ಬೆನ್ನ ಮೇಲೆ ರಪ್ಪೆಂದು ಬಡಿದು, "ಡಿಕ್ಕಿ ಆತ್ರಿ!" ಅಂದ. ಕಾಕಿಯ ನೆನಪಾಗಿ, ಪೆಟ್ಟಿಗಿ ಕೂಡಿಸಿದ್ದಾಯ್ತು, ಹೊರಟೆ ಎಂದು ಹೇಳಲು ಫೋನ್ ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದೆ. ಕಾಕಿಯ ಮಗ, ನನ್ನ ತಮ್ಮ ಮಲ್ಲುವಿಗೆ ಮಾಡಿದೆ. ಅವನೂ ಎತ್ತಲಿಲ್ಲ.

ಕಲಬುರಗಿ ಹಾಯ್ದು ಅಫಜಲಪುರದ ರಸ್ತೆ ಹಿಡಿದಾಗ ಹೊತ್ತು ಬಾಗಿತ್ತು. ಎರಡೂ ಬದಿ ಹೂಬಿಟ್ಟ ತೊಗರಿ, ಆಳೆತ್ತರ. ಬೆನ್ನಿಗೆ ಹೊಸ ಪೆಟ್ಟಿಗೆ ತಾಗಿದಾಗೆಲ್ಲ ಯಾರೋ ಒರಗಿ ಕೂತಂತೆ ಅನ್ನಿಸಿ ಕನ್ನಡಿ ನೋಡುತ್ತಿದ್ದೆ. ಕಾಣುತ್ತಿದ್ದುದು ಪೆಟ್ಟಿಗೆಯ ಕರಿ ಮೂಲೆ ಮಾತ್ರ. ಎರಡು ಸಲ ಗಾಡಿ ನಿಲ್ಲಿಸಿ ಬೋಲ್ಟ್ ಮುಟ್ಟಿ ನೋಡಿದೆ. ಎಲ್ಲ ಗಟ್ಟಿಯಾಗಿದ್ದವು. ಮನೆಗೆ ಮತ್ತೆ ಫೋನ್ ಮಾಡಿದೆ. ಉತ್ತರವಿಲ್ಲ. ಕಾಕಿಗೇನಾಯಿತು ಅನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಗೊಬ್ಬೂರ ದಾಟಿದ ಮೇಲೆ ಒಂದು ತಿರುವಿನಲ್ಲಿ ಮಂದಿ ನಿಂತಿದ್ದರು. ತೊಗರಿ ಸಾಲಿನೊಳಗೆ ನನ್ನದರಂಥದೇ ಕರಿ ಮೋಟರ್‌ಸೈಕಲ್ ಮಗ್ಗುಲಾಗಿ ಬಿದ್ದಿತ್ತು. ಅದರ ಪಕ್ಕ, ರಕ್ತ ಮಣ್ಣು ಮೆತ್ತಿದ ಮನುಷ್ಯನೊಬ್ಬನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು ನಮ್ಮ ಮಲ್ಲು! ನಾನು ಹೆಲ್ಮೆಟ್ ತೆಗೆದು ಅವನ ಹೆಸರು ಹಿಡಿದು ಕೂಗಿದೆ. ಅವನು ತಲೆ ಎತ್ತಿದ. ಕೈಯಲ್ಲಿದ್ದ ನೀರಿನ ಬಾಟಲಿ ಜಾರಿತು.

"ಅಣ್ಣಾ... ನೀ ನಿಂತೀದಿಯೇನು?"

"ನಿಂತೇನಿ, ಯಾಕ? ಇಂವ ಯಾರೋ?"

"ನೀನೇ ಅಂತ ತಿಳದು ಬಂದೇನಿ. ಮಾರಿ ತೊಳದ ಮ್ಯಾಲ ನೀ ಅಲ್ಲಂತ ಗೊತ್ತಾತು. ಹಂಗಾದ್ರ ನೀ ಇನ್ನೂ ಒಳಗೆಲ್ಲೋ ಬಿದ್ದೀದಿ ಅಂತ ತೊಗರಿ ಎಲ್ಲಾ ತುಳದು ಹುಡಕಿದೇನಿ." ಅಷ್ಟು ಹೇಳಿ ಆ ದೊಡ್ಡ ದೇಹದ ಹುಡುಗ ಬಿಕ್ಕಿ ಬಿಕ್ಕಿ ಅತ್ತ.

ಅಂಬ್ಯುಲೆನ್ಸ್ ಬಂದು ಆ ಮನುಷ್ಯನನ್ನು ಕಲಬುರಗಿಗೆ ಒಯ್ದಿತು. ಯಾವುದೋ ಗಾಡಿ ಹಿಂದಿನಿಂದ ಹೊಡೆದು ಹೋಗಿತ್ತು. ರಸ್ತೆಯಲ್ಲಿ ಬಸ್ಸು ಜೀಪು ಓಡಾಡುತ್ತಲೇ ಇದ್ದವು, ತೊಗರಿಯ ಮರೆಯಲ್ಲಿ ಬಿದ್ದವನು ಯಾರಿಗೂ ಕಂಡಿರಲಿಲ್ಲ. ಮಲ್ಲು ರಸ್ತೆಯುದ್ದಕ್ಕೂ ನನ್ನನ್ನು ಹುಡುಕಿ, ಕಡೆಗೆ ಹೊಲಕ್ಕೆ ಇಳಿದದ್ದರಿಂದ ಕಂಡ. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಆಮೇಲೆ ಹೇಳಿದರಂತೆ.

ಮನೆಗೆ ಬಂದರೆ ಓಣಿಯೆಲ್ಲ ನಮ್ಮ ಕಟ್ಟೆಯ ಮೇಲಿತ್ತು. ಕಾಕಿ ಎದ್ದು ಬಂದು ನನ್ನ ಮುಖ, ಭುಜ, ಕೈ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಕೆನ್ನೆಗೆ ಒಂದು ಬಿಟ್ಟಳು.

"ಆ ಶಬ್ದ ಅನಬ್ಯಾಡ ಅಂದಿದ್ನೋ ಇಲ್ಲೋ? ಮಾತ ಕೊಟ್ಟು ಅದನ್ನೇ ಫೋನಿನ್ಯಾಗ ಹೇಳ್ತಿ!"

"ನಾ ಮಾಡಿದ ಫೋನ್ ನೀ ಎತ್ತೇ ಇಲ್ಲಲ್ಲ ಕಾಕಿ."

ಅವಳು ಹೇಳಿದ್ದಿಷ್ಟು. ಊಟ ಮುಗಿಸಿ ಶೇಂಗಾ ಸುಲಿಯಲು ಕೂತಾಗ ಫೋನ್ ಬಂತು. ನನ್ನದೇ ಧ್ವನಿ. "ಕಾಕೀ, ಡಿಕ್ಕಿ ಆತು. ಗೊಬ್ಬೂರ ಹತ್ರ ಅದೇನಿ." ಅಷ್ಟೇ, ಕಡಿದುಹೋಯಿತು. ಅವಳು ಶೇಂಗಾದ ಮೊರ ಬಿಸುಟು ಚೀರಿಕೊಂಡು ಮಲ್ಲುವನ್ನು ಓಡಿಸಿದಳು. ತಿರುಗಿ ನನಗೆ ಹಚ್ಚಿದರೆ ಹತ್ತಲಿಲ್ಲ, ಬಂಧು ಬಳಗಕ್ಕೆಲ್ಲ ಹಚ್ಚಿ, ಫೋನನ್ನು ಕಟ್ಟೆಯ ಮೇಲೆ ಮರೆತು ಓಣಿಯ ತುದಿಗೆ ಹೋಗಿ ರಸ್ತೆ ಕಾಯುತ್ತ ನಿಂತಳು. ಅದಕ್ಕೇ ನಾನು ಮಾಡಿದಾಗ ಎತ್ತುವವರಿರಲಿಲ್ಲ. ಮಲ್ಲುವಿಗೆ ಗಾಡಿಯ ಓಟದಲ್ಲಿ ಫೋನ್ ಕೇಳಿಸಿರಲಿಲ್ಲ.

ಅವಳು ಶೇಂಗಾ ಸುಲಿಯಲು ಕೂತ ಹೊತ್ತಿನಲ್ಲಿ ನಾನು ಜೇವರ್ಗಿಯಲ್ಲಿ ಚಾವಿ ಹುಡುಕುತ್ತಿದ್ದೆ. ನನ್ನ ಫೋನ್ ಬೀಗ ಬಿದ್ದ ಪೆಟ್ಟಿಗೆಯೊಳಗಿತ್ತು.

ನನ್ನ ಫೋನಿನಲ್ಲಿ ಅಂಥ ಕರೆಯ ಗುರುತಿರಲಿಲ್ಲ. ಕಾಕಿಯದು ಗುಂಡಿ ಒತ್ತುವ ಹಳೆಯ ಸೆಟ್ಟು. ಗಾಬರಿಯಲ್ಲಿ ಬಂಧು ಬಳಗಕ್ಕೆಲ್ಲ ಕರೆ ಮಾಡಿ ಹಿಂದಿನದೆಲ್ಲ ಅಳಿಸಿಹೋಗಿತ್ತು. ಯಾರೋ ತಪ್ಪಿ ಹಚ್ಚಿದ ಫೋನ್ ಇರಬೇಕು ಎಂದು ಮಲ್ಲು ಇಂದಿಗೂ ಅನ್ನುತ್ತಾನೆ. ಇರಬಹುದು. ಕಾಕಿ ಅನ್ನುವವರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಬಿದ್ದವನೇ ಮಾಡಿರಬಹುದೇ ಎಂದು ನಾನೂ ಯೋಚಿಸಿದ್ದೆ. ಮುರಿದ ಕಾಲು ಕೂಡಿದ ಮೇಲೆ ಅವನು ಕೋಲೂರಿಕೊಂಡು, ಹೊಲದ ಬದನೆಕಾಯಿ ಹಿಡಿದು ಮನೆಗೆ ಬಂದಿದ್ದ. ಕಾಕಿ ಅವನನ್ನು ಕೂಡಿಸಿ, ಯಾರನ್ನು ಕರೆದೆಪ್ಪಾ ಎಂದು ಕೇಳಿದಳು.

"ಯಾರ್ನೂ ಕರದಿಲ್ರೀ ಯವ್ವಾ. ಫೋನ್ ಮನ್ಯಾಗ ಬಿಟ್ಟು ಬಂದಿದ್ದೆ. ಬಾಯಿ ತುಂಬ ಮಣ್ಣಿತ್ತು" ಅಂದ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಆ ಧ್ವನಿ ಅಪಘಾತದ ಸುದ್ದಿಯನ್ನೇ ಹೇಳಿತೋ, ಇಲ್ಲಾ ಡಿಕ್ಕಿ ಕೂಡಿಸಿದ್ದಾಯಿತು, ಮನೆಯ ಹತ್ತಿರ ಬಂದೆ ಎಂದಷ್ಟೇ ಹೇಳಿತೋ? ಎಡವಟ್ಟು ಆಗಿರದಿದ್ದರೆ, ಕಾಕಿಗೆ ಕೊಟ್ಟ ಮಾತು ಮರೆತಿದ್ದರೆ, ನಾನು ಫೋನ್ ಮಾಡಿ ಹೇಳುತ್ತಿದ್ದುದೂ ಅಕ್ಷರಶಃ ಅದನ್ನೇ. ಚಾವಿ ಕಳೆಯದಿದ್ದರೆ ಆ ಹೊತ್ತಿಗೆ ಗೊಬ್ಬೂರಿನ ಹತ್ತಿರವೂ ಇರುತ್ತಿದ್ದೆನೇನೋ. ಇದನ್ನು ಬಿಡಿಸಲು ಹೋದಷ್ಟೂ ನಿದ್ದೆ ದೂರ ಹೋಗುತ್ತದೆ.

ಪೆಟ್ಟಿಗೆ ಇಂದಿಗೂ ಗಾಡಿಯ ಮೇಲಿದೆ. ಆದರೆ ಫೋನನ್ನು ಅದರೊಳಗೆ ಇಡುವುದಿಲ್ಲ. ಆ ದಾರಿಯಲ್ಲಿ ಬರುವಾಗ ಗೊಬ್ಬೂರಿನ ಹತ್ತಿರ ಗಾಡಿ ನಿಲ್ಲಿಸಿ ಕಾಕಿಗೆ ಫೋನ್ ಮಾಡುತ್ತೇನೆ. ಆಕೆ ಎತ್ತಿ, "ಮಾತಾಡಾಂವ ನೀನೇ ಹೌದಿಲ್ಲೋ?" ಅನ್ನುತ್ತಾಳೆ.

"ನಾನೇ ಕಾಕಿ."

"ಹಂಗಾದ್ರ ಅವತ್ತು ಮಾತಾಡಿದಾಂವ ಯಾರೋ?"

ಬಂದೆ, ರೊಟ್ಟಿಗೆ ಹಿಟ್ಟು ಕಲಸು ಎಂದು ಫೋನ್ ಇಟ್ಟು, ಕನ್ನಡಿ ನೋಡದೆ ಗಾಡಿ ಓಡಿಸುತ್ತೇನೆ.