ಬೂದಿಯಾದ ಕರೀ ಕಲ್ಲು

ಮಾನ್ವಿಯ ಮುನವ್ವರ್ ಬೀಗೆ ಅನುಮಾನ ಹುಟ್ಟುಗುಣ. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವವಳು, ಹೂವಿನವಳ ಮೊಳವನ್ನು ತನ್ನ ಮೊಳದಿಂದ ಮತ್ತೆ ಅಳೆಯುವವಳು. ಆದರೆ ಅವಳು ಅರೆದ ಮಸಾಲೆಗೆ ಓಣಿಯೇ ಸೋತಿತ್ತು. ಮಿಕ್ಸಿ ಇದ್ದವರೂ ಮದುವೆ ಬಂದರೆ ಅವಳ ಬಾಗಿಲಿಗೇ ಬರುತ್ತಿದ್ದರು. ಅದೆಲ್ಲ ಅತ್ತೆ ಬಿಟ್ಟುಹೋದ, ಮಸಾಲೆ ಅರೆಯುವ ಕರೀ ಕಲ್ಲಿನ ಪುಣ್ಯವೆಂದು ಅವಳು ನಂಬಿದ್ದಳು.

ಕಲ್ಲು ನುಣುಪಾದಾಗ ದೇವದುರ್ಗದ ಚನ್ನವೀರ ಬಂದು ಉಳಿಯಿಂದ ಅಲ್ಲಲ್ಲಿ ಕುಟ್ಟಿ ತರಿ ಮಾಡಿಕೊಡುತ್ತಿದ್ದ. ಅಷ್ಟು ಹೊತ್ತೂ ಬೀ ಎದುರಿಗೇ ಕೂತು ಕಾಯುತ್ತಿದ್ದಳು. ಈ ಸಲ ಸೊಸೆಗೆ ಹೆರಿಗೆ ನೋವು ಬಂತೆಂದು ನಡುವೆಯೇ ಎದ್ದು ಆಸ್ಪತ್ರೆಗೆ ಓಡಿದಳು. ಮರಳಿ ಬಂದರೆ ಚನ್ನವೀರ ಹೋಗಿದ್ದ, ಅಂಗಳದಲ್ಲಿ ಬೂದಿಬಣ್ಣದ ಕಲ್ಲೊಂದಿತ್ತು. ಮೈತುಂಬ ಸೂಜಿ ಚುಚ್ಚಿದಂಥ ತೂತು.

ಕಲ್ಲು ಬದಲಿಸಿದನೆಂದು ಓಣಿಯೆಲ್ಲ ಡಂಗುರ ಸಾರಿದಳು. ಬೆಂಕಿಯಿಲ್ಲದೆ ಹೊಗೆಯಾಡುವುದೇ ಎಂದರು ಜನ. ಚನ್ನವೀರನ ಕೂಗು ಕೇಳಿದರೆ ಬಾಗಿಲು ಹಾಕಿಕೊಂಡರು. ಮಾನ್ವಿಯ ಓಣಿಗಳೇ ಅವನ ಅನ್ನ. ಪಾಪ, ಆ ಅನ್ನಕ್ಕೇ ಮಣ್ಣು ಬಿತ್ತು.

ಶಾಲೆಯಲ್ಲಿ ಪಾಠ ಹೇಳುವ ಮಗಳು ಕಹಕಶಾನ್ ಕಲ್ಲನ್ನು ಬಗ್ಗಿ ನೋಡಿದಳು. ಅವನು ಬದಲಿಸಿದ್ದರೆ ನಮ್ಮ ಗುಡ್ಡದ ಕಲ್ಲನ್ನೇ ಇಡುತ್ತಿದ್ದ, ಅದರಲ್ಲಿ ಹರಳು ಮಿಣುಕಬೇಕು, ಇದರಲ್ಲಿ ಒಂದೂ ಇಲ್ಲ. ಇದು ನೆಲದೊಳಗಿಂದ ಉಕ್ಕಿ ಬಂದ ಲಾವಾ ತಣಿದು ಆದದ್ದು, ಈ ತೂತುಗಳು ಆಗಿನ ಗುಳ್ಳೆಗಳು. ಒಳಗೆ ಇದರ ಬಣ್ಣ ಬೂದಿಯೇ, ಮೇಲೆ ಕಪ್ಪೇರಿಸಿದ್ದು ಎಣ್ಣೆ, ಖಾರ, ನಿನ್ನ ಕೈ, ಈ ಸಲ ಅವನು ಮೇಲ್ಪದರವನ್ನೆಲ್ಲ ಕೆತ್ತಿ ತೆಗೆದಿದ್ದಾನೆ ಎಂದಳು. ಕಲ್ಲೂ ಕುದಿಯುತ್ತದೆಯೇ ಎಂದು ಬೀ ಮಗಳನ್ನೇ ಗುಮಾನಿಯಿಂದ ನೋಡಿದಳು. ಅವನ ವಕಾಲತ್ತು ನಿನಗೇಕೆ ಎಂದೂ ಕೇಳಿದಳು.

ಕಹಕಶಾನ್ ಕಲ್ಲನ್ನು ಮಗುಚಿ ಹಾಕಿದಳು. ಉಳಿ ತಾಗದ ತಳ ಎಣ್ಣೆ ಇಳಿದು ಕಪ್ಪಗೇ ಇತ್ತು. ಕಲ್ಲು ಅಲುಗಾಡದಿರಲೆಂದು ಅತ್ತೆ ತಳದ ದೊಡ್ಡ ತೂತಿಗೆ ಮೆತ್ತಿದ್ದ ಸುಣ್ಣವೂ ಹಾಗೇ ಇತ್ತು. ಆ ದಿನ ಸುಣ್ಣ ಕಲಸಿಕೊಟ್ಟವಳು ಆಗ ಹೊಸ ಸೊಸೆಯಾಗಿದ್ದ ಮುನವ್ವರಳೇ. ಅವಳು ಬಗ್ಗಿ ಆ ಸುಣ್ಣವನ್ನು ಬೆರಳಿಂದ ಮುಟ್ಟಿ ನೋಡಿದಳು.

ಮರುದಿನ ತಾಯಿ ಮಗಳು ಕಲ್ಲನ್ನು ಬಸ್ಸಿಗೆ ಹಾಕಿಕೊಂಡು ದೇವದುರ್ಗಕ್ಕೆ ಹೋದರು. ಚನ್ನವೀರ ಕಲ್ಲನ್ನೂ ಬೀಯನ್ನೂ ನೋಡಿದ.

“ಇದು ನಂದೇ ಅದ, ಚನ್ನವೀರ. ತಪ್ಪಾತು,” ಅಂದಳು ಬೀ.

“ನನಗ ಹೇಳಿದ್ರ ಏನಾತ್ರಿ, ಬೀಬಿ? ಓಣ್ಯಾಗ ಹೇಳ್ರಿ.”

ಅವಳಿಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ಕಲ್ಲು ನಿನ್ನ ಹತ್ತಿರವೇ ಇರಲಿ, ಶುಕ್ರವಾರ ನೀನೇ ಹೊತ್ತು ತಾ, ಓಣಿಯವರನ್ನೆಲ್ಲ ಕೂಡಿಸಿ ಅವರ ಎದುರೇ ಹೇಳುತ್ತೇನೆ ಎಂದಳು.

ಬಸ್ಸು ಹತ್ತುವಾಗ ಕಹಕಶಾನ್ ಬೇಕೆಂದೇ ಕೆಣಕಿದಳು, ಅವನು ತರದಿದ್ದರೆ ಎಂದು.

“ತರ್ತಾನ,” ಅಂದಳು ಮುನವ್ವರ್ ಬೀ.